ಒಂಬತ್ತು ತಿಂಗಳ ಮಗುವಿಗೆ ಸೂಜಿ ಇಲ್ಲದ ದಡಾರ ಲಸಿಕೆ: ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ?

ಕಾವೇರಿಸೀಮೆ · ಮಂಡ್ಯ

"ಚರ್ಮಕ್ಕೆ ಅಂಟಿಸೋ ಪ್ಯಾಚ್ ಬಂದಿದೆಯಂತಲ್ಲ ಸಿಸ್ಟರ್, ನಮ್ಮ ಮಗೂಗೆ ಅದನ್ನೇ ಹಾಕಿ." ಗುರುವಾರದ ಲಸಿಕೆ ದಿನ ಅಂಗನವಾಡಿಗಳಲ್ಲಿ ಈ ಮಾತು ಕೇಳಿಬರ್ತಿದೆ. ವಾಟ್ಸಾಪ್ ಮಹಿಮೆ. ಆದರೆ ಕೇಳುವವರದ್ದು ತಪ್ಪು ಅನ್ನೋಕೂ ಆಗಲ್ಲ. ಒಂಬತ್ತು ತಿಂಗಳು ತುಂಬಿದ ಮಗುವಿಗೆ ಒಂದೇ ದಿನ ಬಲತೋಳಿಗೆ ಎಂಆರ್ (ದಡಾರ-ರುಬೆಲ್ಲಾ ಲಸಿಕೆ), ಎಡತೋಳಿಗೆ ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸ್, ಬಲತೊಡೆಗೆ ಪಿಸಿವಿ (ನ್ಯುಮೋನಿಯಾ ತಡೆಯುವ ಲಸಿಕೆ) ಬೂಸ್ಟರ್. ನಮ್ಮ ಮಂಡ್ಯ ಮೆದುಳು ಜ್ವರದ ಜಿಲ್ಲೆಯಾದ್ದರಿಂದ ಅದರ ಮೊದಲ ಡೋಸೂ ಸೇರುತ್ತೆ. ನಾಲ್ಕು ಚುಚ್ಚು, ಕೊನೆಗೆ ವಿಟಮಿನ್ ಎ 1 ಮಿ.ಲೀ.

ಪ್ಯಾಚ್, ಮೂಗಿಗೆ ಹಿಡಿಯುವ ಮಂಜು, ಒತ್ತಡದಿಂದ ಹಾರಿಸುವ ಗನ್ನು, ಪುಡಿ, ಹೀಗೆ ಎಲ್ಲ ಸೇರಿಸಿ "ಸೂಜಿ ಇಲ್ಲದ ಲಸಿಕೆ" ಅಂತಾರೆ. ಇದರಲ್ಲಿ ಕೈಗೂಸುಗಳ ಮಟ್ಟಿಗೆ ದಡಾರಕ್ಕೆ ನಿಜವಾಗಿ ಕೆಲಸ ಮಾಡಿದ್ದು ಯಾವುದು? ತಿಳಿದವರು ಬಿಡಿಸಿ ಹೇಳಿದರೆ ಆಶಾಗಳ ಮೀಟಿಂಗಿನಲ್ಲಿ ಅದನ್ನೇ ಹೇಳಬಹುದು.

ವೈದ್ಯೆ_ಕುವೆಂಪುನಗರ · ಮೈಸೂರು

ಮೊದಲು ಒಂದು ಗೊಂದಲ ಬಿಡಿಸೋಣ. ಖಾಸಗಿ ಕ್ಲಿನಿಕ್‌ಗಳಲ್ಲಿ "ಪೇನ್‌ಲೆಸ್" ಅಂತ ಕರೆಯೋದು ಸೂಜಿ ಇಲ್ಲದ ಲಸಿಕೆಯನ್ನಲ್ಲ. ಅದು ಡಿಪಿಟಿಯಲ್ಲಿರುವ ನಾಯಿಕೆಮ್ಮಿನ ಭಾಗವನ್ನು ಇಡೀ ಜೀವಕೋಶದ ಬದಲು ಶುದ್ಧೀಕರಿಸಿದ ಪ್ರೋಟೀನುಗಳಿಂದ ಮಾಡಿದ ಲಸಿಕೆ. ಸೂಜಿ ಅದೇ, ಚುಚ್ಚೂ ಅದೇ. ಆಮೇಲೆ ಬರುವ ಜ್ವರ, ಊತ ಕಡಿಮೆ. ದಡಾರಕ್ಕೆ ಆ ಥರದ ಎರಡು ಬಗೆ ಇಲ್ಲ. "ಎಂಆರ್‌ನಲ್ಲಿ ಪೇನ್‌ಲೆಸ್ ಕೊಡಿ" ಅಂತ ಕೇಳಿದರೆ ಕೊಡೋಕೆ ಏನೂ ಇರೋದಿಲ್ಲ.

ಎರಡನೆಯದು: ದಡಾರದ ಲಸಿಕೆಯಲ್ಲಿರೋದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್. ದೇಹದೊಳಗೆ ಸೇರಿ ಅದು ಒಂದಷ್ಟು ಬೆಳೆದರೆ ಮಾತ್ರ ರಕ್ಷಣೆ. ಹಾಗಾಗಿ ಯಾವ ದಾರಿಯಲ್ಲಿ ಕೊಟ್ಟರೂ ಪ್ರಶ್ನೆ ಒಂದೇ: ಬದುಕಿರುವ ವೈರಸ್ ಸಾಕಷ್ಟು ಪ್ರಮಾಣದಲ್ಲಿ ಸರಿಯಾದ ಜಾಗ ಮುಟ್ಟಿತಾ? ಡೋಸಿಗೆ ಕನಿಷ್ಠ 1000 ಸೋಂಕು ಘಟಕ ಇರಬೇಕು. ಸೂಜಿಯಲ್ಲಿ 0.5 ಮಿ.ಲೀ. ಚರ್ಮದಡಿ ಹೋಯಿತು ಅಂದರೆ ಹೋಯಿತು, ಲೆಕ್ಕ ಪಕ್ಕಾ. ಬೇರೆ ದಾರಿಗಳಲ್ಲಿ ತಪ್ಪೋದು ಈ ಲೆಕ್ಕವೇ.

ಹೊಸಅಪ್ಪ · ನಂಜನಗೂಡು

ಪೋಲಿಯೊ ಥರ ಎರಡು ಹನಿ ಬಾಯಿಗೆ ಹಾಕಿದರೆ ಮುಗೀತಲ್ವಾ ಮೇಡಂ? ಅದಕ್ಕೆ ಇಷ್ಟು ವರ್ಷ ಯಾಕೆ ಯಾರೂ ಕೈಹಾಕಿಲ್ಲ?

ಬಿಳಿಕೋಟು · ಮೈಸೂರು

ಪೋಲಿಯೊ ವೈರಸ್ ಕರುಳಿನದ್ದೇ ಜೀವಿ. ಅದಕ್ಕೆ ಮೇಲುಹೊದಿಕೆ ಇಲ್ಲ, ಹೊಟ್ಟೆಯ ಆಮ್ಲ ತಡೆದುಕೊಳ್ಳುತ್ತೆ. ದಡಾರದ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ. ಆಮ್ಲ, ಪಿತ್ತರಸ ಸೋಕಿದರೆ ಆ ಹೊದಿಕೆ ಒಡೆದು ಅಲ್ಲೇ ಸಾಯುತ್ತೆ. ಅದು ಸಹಜವಾಗಿ ಬರೋದು ಉಸಿರಿನ ದಾರಿಯಲ್ಲಿ. ಹಾಗಾಗಿ ಎಲ್ಲರ ಕಣ್ಣು ಮೊದಲು ಬಿದ್ದದ್ದೂ ಉಸಿರಿನ ಮೇಲೆ.

ಬಾಯಿಹನಿ ಪೋಲಿಯೊ ಲಸಿಕೆ ಮಾಡಿದ ಆಲ್ಬರ್ಟ್ ಸೇಬಿನ್ ಅವರೇ 1980ರ ದಶಕದಲ್ಲಿ ಮೆಕ್ಸಿಕೊದ ಹೋರ್ಹೆ ಫರ್ನಾಂಡಿಸ್ ದೆ ಕಾಸ್ತ್ರೊ ಜೊತೆ ದಡಾರ ಲಸಿಕೆಯನ್ನು ಮಂಜು ಮಾಡಿ ಉಸಿರಾಡಿಸುವ ಪ್ರಯೋಗ ನಡೆಸಿದರು. ಬಳಸಿದ್ದು ಎಡ್ಮನ್‌ಸ್ಟನ್-ಜಾಗ್ರೆಬ್ ಅನ್ನೋ ವೈರಸ್ ತಳಿ. ಇವತ್ತು ನಮ್ಮ ಪಿಎಚ್‌ಸಿಗೆ ಬರುವ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಲಸಿಕೆಯಲ್ಲೂ ಇರೋದು ಅದೇ. ಕಲಸಿದ ಲಸಿಕೆಯ ಬಟ್ಟಲು ಪುಡಿ ಮಂಜುಗಡ್ಡೆಯಲ್ಲಿ, ಕಂಪ್ರೆಸರ್‌ನಿಂದ ಗಾಳಿ, ಮುಖಕ್ಕೆ ಕಾಗದದ ಶಂಕು, 30 ಸೆಕೆಂಡು ಉಸಿರಾಟ. 1988ರಿಂದ 90ರ ಸಾಂಕ್ರಾಮಿಕದಲ್ಲಿ ಅಲ್ಲಿ ಹತ್ತಿರ ಹತ್ತಿರ 40 ಲಕ್ಷ ಮಕ್ಕಳಿಗೆ ಹೀಗೆ ಕೊಟ್ಟರು. ಬಹುಪಾಲು ಶಾಲೆ ಮಕ್ಕಳು.

ಕೈಗೂಸಿನ ವಿಷಯದಲ್ಲಿ ಇದರ ಆಸೆ ಇನ್ನೊಂದಿತ್ತು. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ, ಚುಚ್ಚಿದ ಲಸಿಕೆಯ ವೈರಸ್ಸನ್ನೂ ಕೊಲ್ಲುತ್ತವೆ. ನಾವು ಒಂಬತ್ತು ತಿಂಗಳು ಕಾಯೋದೇ ಅದಕ್ಕೆ. ಶ್ವಾಸನಾಳದ ಒಳಪೊರೆಯ ಮೇಲೆ ಬಿದ್ದ ವೈರಸ್ ಈ ಪ್ರತಿಕಾಯಗಳಿಂದ ತಪ್ಪಿಸಿಕೊಂಡು ಬೆಳೆಯಬಹುದು, ಆಗ ಆರು ತಿಂಗಳಿಗೇ ಕೊಡಬಹುದು ಅನ್ನೋ ಲೆಕ್ಕಾಚಾರ. ಮೊದಲ ಫಲಿತಾಂಶಗಳು ಆಸೆ ಹುಟ್ಟಿಸಿದವು, ಆಮೇಲಿನವು ಅಷ್ಟಾಗಿ ಬೆಂಬಲಿಸಲಿಲ್ಲ.

ಕಾವೇರಿಸೀಮೆ · ಮಂಡ್ಯ

ಹಾಗಾದರೆ ಮಂಜು ಕೈಬಿಟ್ಟರಾ? ನಮ್ಮ ದೇಶದಲ್ಲೂ ಪರೀಕ್ಷೆ ಆಗಿತ್ತು ಅಂತ ಓದಿದ ನೆನಪು.

ಬಿಳಿಕೋಟು · ಮೈಸೂರು

ಆಗಿತ್ತು, ಪುಣೆ ಜಿಲ್ಲೆಯ ಹಳ್ಳಿಗಳಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆ. 9ರಿಂದ 12 ತಿಂಗಳೊಳಗಿನ 2004 ಮಕ್ಕಳು. ಅರ್ಧಕ್ಕೆ ಮಂಜು, ಅರ್ಧಕ್ಕೆ ಚುಚ್ಚುಮದ್ದು. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. 91ನೇ ದಿನ ರಕ್ತದಲ್ಲಿ ದಡಾರದ ಪ್ರತಿಕಾಯ ಕಂಡದ್ದು ಮಂಜು ಪಡೆದವರಲ್ಲಿ ಶೇ 85.4, ಚುಚ್ಚಿಸಿಕೊಂಡವರಲ್ಲಿ ಶೇ 94.7. "ಐದು ಶೇಕಡಾ ಅಂಶಕ್ಕಿಂತ ಹೆಚ್ಚು ಹಿಂದೆ ಬೀಳಬಾರದು" ಅಂತ ಮೊದಲೇ ಗೆರೆ ಹಾಕಿಕೊಂಡಿದ್ದರು, ಬಿದ್ದದ್ದು ಒಂಬತ್ತು ಚಿಲ್ಲರೆ. ಸುರಕ್ಷತೆಯಲ್ಲಿ ತೊಂದರೆ ಬರಲಿಲ್ಲ, ಗೆಲ್ಲಲೂ ಇಲ್ಲ.

ಕೈಗೂಸಿನಲ್ಲೇ ಯಾಕೆ ಸೋಲುತ್ತೆ ಅನ್ನೋದು ಶರೀರ ರಚನೆಯ ಮಾತು. ಶ್ವಾಸಕೋಶದ ಆಳಕ್ಕೆ ಇಳಿಯಬೇಕಾದರೆ ಹನಿಯ ಗಾತ್ರ 1ರಿಂದ 5 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಇರಬೇಕು. ಹತ್ತು ದಾಟಿದರೆ ಮೂಗು, ಗಂಟಲಲ್ಲೇ ಕೂತು ನುಂಗಿಹೋಗುತ್ತೆ. ಒಂಬತ್ತು ತಿಂಗಳ ಮಗು ಒಂದು ಉಸಿರಿಗೆ ಎಳೆಯುವ ಗಾಳಿ ನೂರು ಮಿ.ಲೀ.ಗೂ ಕಡಿಮೆ, ಮಂಜಿನ ಬಹುಪಾಲು ಮಾಸ್ಕಿನೊಳಗೇ ಉಳಿಯುತ್ತೆ. ಮಾಸ್ಕ್ ಕಂಡರೆ ಮಗು ಅಳುತ್ತೆ. ಅತ್ತರೆ ಉಸಿರು ಆಳಕ್ಕೆ ಹೋಗುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅಳುವಾಗ ಉಸಿರು ಹೊರಗೆ ಹೋಗೋದೇ ಉದ್ದ, ಒಳಗೆಳೆದುಕೊಳ್ಳೋದು ಚುಟುಕಾಗಿ, ರಭಸವಾಗಿ. ಹನಿಗಳೆಲ್ಲ ಗಂಟಲಿಗೆ ಬಡಿಯುತ್ತವೆ. ಮುಖ ಆಚೆ ಈಚೆ ತಿರುಗಿಸಿದರೆ ಕೆನ್ನೆ ಮತ್ತು ಮಾಸ್ಕಿನ ಸಂದಿನಿಂದ ಸೋರಿಕೆ ಬೇರೆ.

ಶಾಲೆ ಮಕ್ಕಳ ಕಥೆ ಇದಕ್ಕೆ ಉಲ್ಟಾ. ದಕ್ಷಿಣ ಆಫ್ರಿಕಾದಲ್ಲಿ ಎರಡನೇ ಡೋಸ್ ಆಗಿ ಮಂಜು ಕೊಟ್ಟಾಗ ಸೂಜಿಗಿಂತ ಚೆನ್ನಾಗಿ ಪ್ರತಿಕಾಯ ಏರಿತು, 2000ದಲ್ಲಿ ಪ್ರಕಟವಾಗಿದೆ. "ಮೆಕ್ಸಿಕೊದಲ್ಲಿ ಲಕ್ಷಗಟ್ಟಲೆ ಮಕ್ಕಳಿಗೆ ಕೊಟ್ಟಾಗಿದೆ, ಇಲ್ಲೇಕೆ ಕೊಡಲ್ಲ" ಅಂತ ಕೇಳುವವರಿಗೆ ಉತ್ತರ ಇದು: ಆ ಮಕ್ಕಳ ವಯಸ್ಸು ಬೇರೆ, ನಾವು ಮಾತಾಡ್ತಿರೋ ವಯಸ್ಸು ಬೇರೆ.

ಒಣ ಪುಡಿಯ ದಾರಿಯೂ ಇತ್ತು. ಅಮೆರಿಕದ ಕೊಲರಾಡೊದ ರಾಬರ್ಟ್ ಸೀವರ್ಸ್ ತಂಡ ಸೀರಂ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿ ಲಸಿಕೆಯನ್ನು ನುಣ್ಣನೆ ಪುಡಿ ಮಾಡಿತು. ಭಾರತದಲ್ಲೇ 60 ವಯಸ್ಕ ಗಂಡಸರಲ್ಲಿ ಮೊದಲ ಹಂತದ ಸುರಕ್ಷತಾ ಪರೀಕ್ಷೆ ಆಗಿ 2014ರಲ್ಲಿ ಪ್ರಕಟವಾಯಿತು. ಕಲಸುವ ನೀರು ಬೇಡ ಅನ್ನೋದು ಅದರ ದೊಡ್ಡ ಲಾಭ. ಕೈಗೂಸಿನ ತನಕ ಬರಲಿಲ್ಲ.

ಐಎಲ್‌ಆರ್_ಕಾವಲು · ಪಾಂಡವಪುರ

ಕಲಸುವ ನೀರು ಅಂದ್ರಲ್ಲ ಸಾರ್, ಇಡೀ ಚರ್ಚೆಯ ಗಂಟು ಇರೋದು ಅಲ್ಲೇ ಕಣ್ರೀ. ಸೂಜಿಯ ನೋವಿಗೆ ಮಗು ಎರಡು ನಿಮಿಷ ಅತ್ತು ಸುಮ್ಮನಾಗುತ್ತೆ. ಕಲಸೋದರಲ್ಲಿ ತಪ್ಪಿದರೆ ಜೀವ ಹೋಗುತ್ತೆ. ಗೊತ್ತಿಲ್ಲದವರಿಗಾಗಿ ಪೂರ್ತಿ ಬರೀತೀನಿ.

ಎಂಆರ್ ಬರೋದು ಕಂದು ಗಾಜಿನ ಸೀಸೆಯಲ್ಲಿ ಒಣ ಪುಡಿಯಾಗಿ, ಒಂದರಲ್ಲಿ 5 ಅಥವಾ 10 ಡೋಸ್. ಜೊತೆಗೆ ಡೈಲ್ಯುಯೆಂಟ್, ಅಂದರೆ ಕಲಸುವ ನೀರಿನ ಆಂಪೂಲ್. ಡೈಲ್ಯುಯೆಂಟ್ ಅದೇ ಕಂಪನಿಯದ್ದೇ ಆಗಬೇಕು. ಬಿಸಿಜಿಯದ್ದು, ಡಿಸ್ಟಿಲ್ಡ್ ವಾಟರು ಯಾವುದೂ ಆಗಲ್ಲ. ಸೆಷನ್ನಿಗೆ 24 ಗಂಟೆ ಮುಂಚೆಯೇ ಅದನ್ನೂ ಐಎಲ್‌ಆರ್‌ನಲ್ಲಿ (ಲಸಿಕೆ ಇಡುವ ಫ್ರಿಜ್) 2ರಿಂದ 8 ಡಿಗ್ರಿಗೆ ಇಡಬೇಕು. ಕಪಾಟಿನಲ್ಲಿದ್ದ ಬೆಚ್ಚಗಿನ ನೀರು ಹಾಕಿದರೆ ಪುಡಿಯಲ್ಲಿರುವ ವೈರಸ್ ಆ ಕ್ಷಣವೇ ಸಾಯೋಕೆ ಶುರು. ಹಾಗಂತ ಡೀಪ್ ಫ್ರೀಜರಿಗೆ ಹಾಕಬೇಡಿ, ಆಂಪೂಲ್ ಸೀಳುತ್ತೆ. ಪುಡಿ ಹೆಪ್ಪುಗಟ್ಟಿದರೆ ಏನೂ ಆಗಲ್ಲ, ನೀರು ಹೆಪ್ಪುಗಟ್ಟಬಾರದು.

ಪ್ರತಿ ಸೀಸೆಗೂ ಹೊಸ 5 ಮಿ.ಲೀ. ಸಿರಿಂಜ್. ಕಲಸಿದ ಗಂಟೆ, ನಿಮಿಷ ಸೀಸೆ ಮೇಲೆ ಬರೀಬೇಕು. ಸೀಸೆ ಐಸ್‌ಪ್ಯಾಕಿನ ಮೇಲೆ ಕೂರಿಸಿದ ಫೋಮ್ ಪ್ಯಾಡಿನ ತೂತಿನಲ್ಲಿರಬೇಕು, ಮೇಜಿನ ಮೇಲಲ್ಲ. ನಾಲ್ಕು ಗಂಟೆ ಅಥವಾ ಸೆಷನ್ ಮುಗಿಯೋದು, ಯಾವುದು ಮೊದಲೋ ಆಗ ಬಿಸಾಡಬೇಕು. ಪೆಂಟಾ (ಐದು ರೋಗಗಳ ಲಸಿಕೆ), ಐಪಿವಿ (ಪೋಲಿಯೊ ಚುಚ್ಚುಮದ್ದು) ಇವಕ್ಕೆ ಇರೋ "ತೆರೆದ ಸೀಸೆ ಮತ್ತೆ ಬಳಸಬಹುದು" ನಿಯಮ ಇದಕ್ಕಿಲ್ಲ. ಯಾಕಂದ್ರೆ ಇದರಲ್ಲಿ ಕ್ರಿಮಿ ಬೆಳೆಯದಂತೆ ತಡೆಯುವ ಪದಾರ್ಥ ಇಲ್ಲ, ಹಾಕೋಕೂ ಆಗಲ್ಲ. ಹಾಕಿದರೆ ಲಸಿಕೆಯ ವೈರಸ್ಸೇ ಸಾಯುತ್ತೆ. ಒಂದು ಸಲ ಬ್ಯಾಕ್ಟೀರಿಯಾ ಸೇರಿತು ಅಂದರೆ ಗಂಟೆಗಂಟೆಗೂ ಬೆಳೀತಾ ವಿಷ ಬಿಡುತ್ತೆ.

2017ರಲ್ಲಿ ದಕ್ಷಿಣ ಸುಡಾನ್‌ನಲ್ಲಿ 15 ಮಕ್ಕಳು ಸತ್ತದ್ದು ಹೀಗೇ: ನಾಲ್ಕು ದಿನ ಒಂದೇ ಸಿರಿಂಜಿನಲ್ಲಿ ಕಲಸಿದ್ದರು, ತಂಪಿನಲ್ಲೂ ಇಟ್ಟಿರಲಿಲ್ಲ. 2014ರಲ್ಲಿ ಸಿರಿಯಾದಲ್ಲಿ ಡೈಲ್ಯುಯೆಂಟ್ ಬದಲು ಅರಿವಳಿಕೆಯಲ್ಲಿ ಬಳಸುವ, ಸ್ನಾಯು ಸಡಿಲಿಸುವ ಔಷಧಿ ಹಾಕಿ 15 ಮಕ್ಕಳು ಹೋದರು. ಎರಡರಲ್ಲೂ ಲಸಿಕೆಯದ್ದಾಗಲಿ ಸೂಜಿಯದ್ದಾಗಲಿ ತಪ್ಪಿಲ್ಲ, ಕಲಸಿದ್ದರದ್ದು. ಅದಕ್ಕೇ ನನ್ನ ವಾದ: ಸೂಜಿ ತೆಗೆದು ಕಲಸೋದನ್ನ ಹಾಗೇ ಉಳಿಸಿಕೊಂಡ ಸಾಧನದಿಂದ ಅರ್ಧ ಕೆಲಸವೂ ಆಗಿಲ್ಲ. ಮಂಜಿನ ಯಂತ್ರಕ್ಕೂ ಕಲಸಲೇಬೇಕು. ಗನ್ನಿಗೂ ಕಲಸಲೇಬೇಕು.

ಹೊಸಅಪ್ಪ · ನಂಜನಗೂಡು

ಆ ಗನ್ನು ಅಂದರೇನು? ಕೋವಿಡ್ ಸಮಯದಲ್ಲಿ ಸೂಜಿ ಇಲ್ಲದ ಲಸಿಕೆ ಅಂತ ಟೀವಿಯಲ್ಲಿ ತೋರಿಸಿದ್ದರಲ್ಲ, ಅದೇನಾ?

ವೈದ್ಯೆ_ಕುವೆಂಪುನಗರ · ಮೈಸೂರು

ಅದೇ ಜಾತಿಯದ್ದು. 2021ರ ಆಗಸ್ಟಿನಲ್ಲಿ ತುರ್ತು ಅನುಮತಿ ಸಿಕ್ಕ ಝೈಡಸ್‌ನ ಝೈಕೋವ್-ಡಿಗೆ ಫಾರ್ಮಾಜೆಟ್ ಕಂಪನಿಯ ಟ್ರಾಪಿಸ್ ಸಾಧನ ಬಳಸಿದರು. ಅದು ಚರ್ಮದ ಪದರದೊಳಕ್ಕೆ 0.1 ಮಿ.ಲೀ. ಹಾರಿಸುತ್ತೆ. ಪಾಕಿಸ್ತಾನದಲ್ಲಿ ಪೋಲಿಯೊ ಚುಚ್ಚುಮದ್ದಿನ ಅಭಿಯಾನಕ್ಕೂ ಬಳಸಿದ್ದಾರೆ. ಎಂಆರ್‌ಗೆ ಅದು ಹೊಂದಲ್ಲ. ನಮಗೆ 0.5 ಮಿ.ಲೀ. ಚರ್ಮದಡಿ ಹೋಗಬೇಕು, ಅದಕ್ಕೆ ಅದೇ ಕಂಪನಿಯ ಸ್ಟ್ರಾಟಿಸ್ ಅನ್ನೋ ಬೇರೆ ಸಾಧನ.

ಕೆಲಸ ಮಾಡೋದು ಬರೀ ಸ್ಪ್ರಿಂಗಿನಿಂದ, ಕರೆಂಟು ಬೇಡ. ರೀಸೆಟ್ ಪೆಟ್ಟಿಗೆಯಲ್ಲಿಟ್ಟು ಸ್ಪ್ರಿಂಗ್ ಬಿಗಿ ಮಾಡಬೇಕು. ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜಿಗೆ ಅಡಾಪ್ಟರ್ ಮೂಲಕ ಸೀಸೆಯಿಂದ ಲಸಿಕೆ ಎಳೆದು, ಗಾಳಿಗುಳ್ಳೆ ತೆಗೆದು ಸಾಧನಕ್ಕೆ ಸಿಕ್ಕಿಸಬೇಕು. ಚರ್ಮಕ್ಕೆ ನೇರ ಲಂಬವಾಗಿ ಒತ್ತಿ ಗುಂಡಿ ಅದುಮಿದರೆ, ಕೂದಲಿನಷ್ಟು ಸಣ್ಣ ಧಾರೆಯಾಗಿ ಅರ್ಧ ಸೆಕೆಂಡಿನೊಳಗೆ ಒಳಗೆ ಹೋಗುತ್ತೆ. ಸಿರಿಂಜ್ ಒಬ್ಬರಿಗೆ ಒಂದೇ, ಎರಡನೇ ಸಲ ತುಂಬಲು ಬಾರದಂತೆ ಅದರ ರಚನೆ.

ತಪ್ಪೋದು ಎಲ್ಲಿ? ಸಾಧನ ವಾಲಿದರೆ ಲಸಿಕೆ ಚರ್ಮದ ಮೇಲೇ ಚಿಮ್ಮುತ್ತೆ. ಮೇಲ್ಮೈಯಲ್ಲಿ ಒಂದು ಸಣ್ಣ ಹನಿ ಇದ್ದರೆ ಚಿಂತೆಯಿಲ್ಲ. ತೋಳಿನ ಮೇಲೆ ಹರಿದು ಇಳಿದರೆ ಡೋಸ್ ಹೋಗಿಲ್ಲ ಅಂತಲೇ ಲೆಕ್ಕ. ಆ ಹೊತ್ತಿಗೆ ಮಗು ಕೈ ಎಳೆದುಕೊಂಡರೆ ಧಾರೆ ಚರ್ಮವನ್ನ ಗೀರುತ್ತೆ, ಹಾಗಾಗಿ ಹಿಡಿಯುವವರ ಕೈ ಸೂಜಿಗಿಂತ ಗಟ್ಟಿ ಇರಬೇಕು. ನೋವು ಇಲ್ಲವೇ ಇಲ್ಲ ಅನ್ನೋದು ಸುಳ್ಳು, ಚಿಟಿಕೆ ಹೊಡೆದಂತಾಗುತ್ತೆ. ಸೂಜಿಗಿಂತ ಹೆಚ್ಚು ಕೆಂಪಾಗೋದು, ಊದೋದೂ ಉಂಟು.

ಹಳೇ ಕಾಲದ ಗನ್ನುಗಳ ಜೊತೆ ಇದನ್ನ ಸೇರಿಸಬೇಡಿ. ಒಂದೇ ನಳಿಕೆಯಲ್ಲಿ ಸಾಲಾಗಿ ಎಲ್ಲರಿಗೂ ಹೊಡೆಯುವಾಗ ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗುತ್ತಿತ್ತು. 1980ರ ದಶಕದ ಮಧ್ಯದಲ್ಲಿ ಅಮೆರಿಕದ ಒಂದು ಕ್ಲಿನಿಕ್ಕಿನಲ್ಲಿ ಅದರಿಂದ ಹೆಪಟೈಟಿಸ್ ಬಿ ಹರಡಿದ ಮೇಲೆ ಅವು ಮೂಲೆ ಸೇರಿದವು.

ಈಗ ಊರುಗಳ ಖಾಸಗಿ ಕ್ಲಿನಿಕ್ಕುಗಳಿಗೂ ಇಂಥ ಸಾಧನಗಳು ಬರ್ತಿವೆ. ಕೇಳಬೇಕಾದ ಪ್ರಶ್ನೆ ಒಂದೇ: "ಈ ಸಾಧನಕ್ಕೆ ಚರ್ಮದಡಿ ಕೊಡಲು ಅನುಮತಿ ಇದೆಯಾ, ಸ್ನಾಯುವಿಗೆ ಮಾತ್ರವಾ?" ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರರ ಲಸಿಕೆ) ಕೊಡುವ ಮುಂಚೆ ಇದನ್ನ ಕೇಳಿದರೆ ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳಬಾರದು.

ಐಎಲ್‌ಆರ್_ಕಾವಲು · ಪಾಂಡವಪುರ

ಅಲ್ಲಿಗೆ ಗನ್ನಿನಿಂದ ಲಾಭ ಅಂದ್ರೆ ಸಿಸ್ಟರಿಗೆ ಸೂಜಿ ಚುಚ್ಚಿಕೊಳ್ಳೋ ಭಯ ಇಲ್ಲ, ಬಳಸಿದ ಸೂಜಿ ಕತ್ತರಿಸೋ ಹಬ್ ಕಟರ್ ಕೆಲಸ ಇಲ್ಲ. ಅಷ್ಟೇ. ಪ್ಯಾಚಿನ ವಿಷಯಕ್ಕೆ ಬನ್ನಿ.

ಬಿಳಿಕೋಟು · ಮೈಸೂರು

ಬಂದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಕೈಗೂಸಿನ ದಡಾರಕ್ಕೆ ಉಳಿದಿರುವ ಗಂಭೀರ ಅಭ್ಯರ್ಥಿ ಇದೊಂದೇ.

ನಾಣ್ಯದಷ್ಟು ಅಗಲದ ತುಂಡಿನ ಮೇಲೆ ಒಂದು ಮಿ.ಮೀ.ಗಿಂತ ಗಿಡ್ಡದ ಮೊನೆಗಳು. ಕರಗುವ ಬಗೆಯಲ್ಲಿ ಆ ಮೊನೆಯೇ ಸಕ್ಕರೆ ಜಾತಿಯ ಪದಾರ್ಥ ಮತ್ತು ಒಣಗಿಸಿದ ಲಸಿಕೆ. ಚರ್ಮದ ಸತ್ತ ಹೊರಪದರ 10-20 ಮೈಕ್ರಾನ್ ಅಷ್ಟೇ ದಪ್ಪ. ಅದನ್ನು ದಾಟಿ ನಿಂತು ಒಳಗಿನ ತೇವಕ್ಕೆ ಕರಗುತ್ತೆ. ನೋವಿನ ನರಗಳಿರುವ ಆಳದವರೆಗೆ ಹೆಚ್ಚು ಹೋಗಲ್ಲ, ಆದರೆ ರೋಗಾಣುಗಳನ್ನ ಹಿಡಿದು ರೋಗನಿರೋಧಕ ವ್ಯವಸ್ಥೆಗೆ ಸುದ್ದಿ ಮುಟ್ಟಿಸುವ ಕೋಶಗಳು ಅಲ್ಲೇ ದಟ್ಟವಾಗಿವೆ.

ಮುಖ್ಯ ಪರೀಕ್ಷೆ ನಡೆದದ್ದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ, ಪ್ರಕಟವಾದದ್ದು 2024ರಲ್ಲಿ. ಪ್ಯಾಚ್ ಅಮೆರಿಕದ ಅಟ್ಲಾಂಟಾದ ಮೈಕ್ರಾನ್ ಬಯೋಮೆಡಿಕಲ್ ಅನ್ನೋ ಕಂಪನಿಯದು. 45 ವಯಸ್ಕರು, 15ರಿಂದ 18 ತಿಂಗಳ 120 ಮಕ್ಕಳು, 9ರಿಂದ 10 ತಿಂಗಳ 120 ಕೂಸುಗಳು. ಯಾರಿಗೆ ಏನು ಸಿಕ್ಕಿತು ಅಂತ ಯಾರಿಗೂ ತಿಳಿಯದ ಹಾಗೆ ಪ್ರತಿ ಮಗುವಿಗೂ ಒಂದು ಪ್ಯಾಚ್, ಒಂದು ಚುಚ್ಚು, ಎರಡರಲ್ಲಿ ಒಂದು ಖಾಲಿ. ಮಣಿಕಟ್ಟಿನ ಮೇಲೆ ಹೆಬ್ಬೆರಳಿನಿಂದ ಒತ್ತಿ 5 ನಿಮಿಷ ಬಿಡೋದು. ಆರು ವಾರದ ನಂತರ ಕೂಸುಗಳಲ್ಲಿ ದಡಾರದ ಪ್ರತಿಕಾಯ ಮೂಡಿದ್ದು ಪ್ಯಾಚಿನಲ್ಲಿ ಶೇ 93, ಸೂಜಿಯಲ್ಲಿ ಶೇ 90. ರುಬೆಲ್ಲಾ ಎರಡರಲ್ಲೂ ಶೇ 100. ಪ್ಯಾಚ್ ಹಾಕಿದ ಜಾಗ ಗಟ್ಟಿಯಾಗೋದು ಮಾತ್ರ ಸಾಮಾನ್ಯವಾಗಿ ಕಂಡಿತು, ಪ್ಯಾಚ್ ಪಡೆದ 60 ಕೂಸುಗಳಲ್ಲಿ 39ಕ್ಕೆ. ಚಿಕಿತ್ಸೆ ಬೇಕಾಗಲಿಲ್ಲ.

"ಸೂಜಿಗಿಂತ ಪ್ಯಾಚೇ ಮೇಲು" ಅಂತ ಈ 93, 90 ನೋಡಿ ಹೇಳಬೇಡಿ. ಗುಂಪಿಗೆ ಅರವತ್ತು ಕೂಸು ಮಾತ್ರ. ಒಂದಿಬ್ಬರು ಆಚೀಚೆ ಆದರೂ ಶೇಕಡಾವಾರು ಕದಲುತ್ತೆ. ಸೂಜಿಗೆ ಸಾಟಿ ಅನ್ನಿಸುತ್ತೆ ಅನ್ನೋದಷ್ಟೇ ಸಿದ್ಧವಾದದ್ದು. ಸಾವಿರಾರು ಮಕ್ಕಳ ಮೂರನೇ ಹಂತದ ಪರೀಕ್ಷೆ ಆಗದೆ ಯಾವ ದೇಶವೂ ಕಾರ್ಯಕ್ರಮಕ್ಕೆ ತೆಗೆದುಕೊಳ್ಳಲ್ಲ.

ಕಬಿನಿ_ದಂಡೆ · ಎಚ್.ಡಿ. ಕೋಟೆ

ಕಾಡಂಚಿನ ಹಾಡಿಗಳಿಗೆ ಇದರ ಲಾಭ ಅಂಕಿಸಂಖ್ಯೆಯಲ್ಲಿ ಕಾಣಲ್ಲ. ಒಂದು ಹಾಡಿಯಲ್ಲಿ ಆ ವಾರ ಒಂಬತ್ತು ತಿಂಗಳಾದ ಮಗು ಒಂದೇ ಇರುತ್ತೆ. ಒಂದು ಮಗುವಿದ್ದರೂ ಸೀಸೆ ತೆರೆಯಿರಿ ಅನ್ನೋದು ನಿಯಮ. ಆದರೂ ಉಳಿದ ಡೋಸ್ ಚೆಲ್ಲಬೇಕಲ್ಲ ಅಂತ ಕೈ ಹಿಂಜರಿಯುತ್ತೆ, "ಮುಂದಿನ ಗುರುವಾರ ಬನ್ನಿ" ಅನ್ನೋ ಮಾತು ಬರುತ್ತೆ. ಮುಂದಿನ ಗುರುವಾರ ಆ ಕುಟುಂಬ ಕೊಡಗಿನ ತೋಟದಲ್ಲಿರುತ್ತೆ. ಒಂದು ಪ್ಯಾಚ್ ಅಂದರೆ ಒಂದು ಡೋಸ್. ತೆರೆಯೋ ಹಿಂಜರಿಕೆಯೇ ಇರಲ್ಲ.

ಮಂಡ್ಯ ಕಡೆ ಆಲೆಮನೆ, ಕಬ್ಬು ಕಡಿಯುವ ಗ್ಯಾಂಗುಗಳ ಮಕ್ಕಳದ್ದೂ ಇದೇ ಪಾಡು. ದಡಾರ ಒಬ್ಬರಿಂದ 12ರಿಂದ 18 ಜನಕ್ಕೆ ಹರಡೋ ರೋಗ, ಎರಡೂ ಡೋಸ್ ಶೇ 95 ಮುಟ್ಟದೆ ನಿಲ್ಲಲ್ಲ. ತಪ್ಪಿಹೋಗುವ ಆ ಐದಾರು ಶೇಕಡಾ ಮಕ್ಕಳು ಇರೋದೇ ಇಂಥ ಜಾಗಗಳಲ್ಲಿ. ಕಲಸೋದು, ಡೋಸ್ ಅಳೆಯೋದು ಇಲ್ಲದಿದ್ದರೆ ಆಶಾ ಕೈಯಲ್ಲೇ ಹಾಕಿಸಬಹುದು ಅನ್ನೋ ಮಾತೂ ಇದೆ.

ಐಎಲ್‌ಆರ್_ಕಾವಲು · ಪಾಂಡವಪುರ

ಆಶಾ ಕೈಗೆ ಕೊಡೋದಕ್ಕೆ ನನ್ನ ತಕರಾರಿದೆ ಅಣ್ಣಾ. ಹಾಕೋದು ಸುಲಭ ಇರಬಹುದು. ಲಕ್ಷಗಟ್ಟಲೆ ಮಕ್ಕಳಲ್ಲಿ ಒಂದಕ್ಕೆ ತೀವ್ರ ಅಲರ್ಜಿ ಆದರೆ ಅಡ್ರಿನಲಿನ್ ಕೊಡೋರು ಯಾರು? ಪ್ಯಾಚಾದರೂ ಅರ್ಧ ಗಂಟೆ ಕೂರಿಸಿ ನೋಡಲೇಬೇಕು, ಕಿಟ್ ಪಕ್ಕದಲ್ಲಿರಲೇಬೇಕು.

ಇನ್ನು "ಫ್ರಿಜ್ಜೇ ಬೇಡ" ಅಂತ ಕುಣಿಯೋದು ಈಗಲೇ ಬೇಡ. ಕೊನೇ ಹಂತದಲ್ಲಿ ಕೆಲವು ದಿನ 40 ಡಿಗ್ರಿವರೆಗೂ ತಡೆಯಬೇಕು ಅನ್ನೋದು ಗುರಿ. ಗ್ಯಾಂಬಿಯಾದಲ್ಲಿ ಪ್ಯಾಚ್ ಇಟ್ಟಿದ್ದು 2-8ರಲ್ಲೇ. ಹೊರಗಿಟ್ಟೂ ಕೆಲಸ ಮಾಡುತ್ತೆ ಅಂತ ಮಕ್ಕಳಲ್ಲಿ ತೋರಿಸೋವರೆಗೆ ಐಎಲ್‌ಆರ್ ಬೀಗದ ಕೈ ನನ್ನ ಹತ್ರಾನೇ ಇರುತ್ತೆ.

ಕಬಿನಿ_ದಂಡೆ · ಎಚ್.ಡಿ. ಕೋಟೆ

ಅಡ್ರಿನಲಿನ್ ಮಾತು ಒಪ್ಪಿದೆ. ಆದರೆ ತಂಪಿನ ವಿಷಯದಲ್ಲಿ ಹೋಲಿಸಬೇಕಾದ್ದು ಕಲಸಿದ ಸೀಸೆಯ ಜೊತೆ. ಅದು 22-25 ಡಿಗ್ರಿಯಲ್ಲಿ ಒಂದು ಗಂಟೆಗೆ ಅರ್ಧ ಸತ್ವ ಕಳೆದುಕೊಳ್ಳುತ್ತೆ, 37ರಲ್ಲಿ ಒಂದು ಗಂಟೆಗೆ ಹೆಚ್ಚುಕಮ್ಮಿ ಪೂರ್ತಿ. ಏಪ್ರಿಲಿನಲ್ಲಿ ತಗಡಿನ ಮಾಡಿನ ಅಂಗನವಾಡಿಯಲ್ಲಿ ಕೊನೇ ಮಗುವಿಗೆ ಸಿಗೋ ಡೋಸ್ ಹೇಗಿರುತ್ತೆ ಯೋಚಿಸಿ. ಒಣ ಪ್ಯಾಚಿಗೆ ಆ ಗಂಡಾಂತರವೇ ಇಲ್ಲ.

ಐಎಲ್‌ಆರ್_ಕಾವಲು · ಪಾಂಡವಪುರ

ಅದು ಸರಿ.

ಹೊಸಅಪ್ಪ · ನಂಜನಗೂಡು

ಮಗೂಗೆ ಮುಂದಿನ ತಿಂಗಳು ಒಂಬತ್ತು ತುಂಬುತ್ತೆ. ಪ್ಯಾಚ್ ಬರೋವರೆಗೆ ಕಾದರೆ ಏನು ತೊಂದರೆ?

ವೈದ್ಯೆ_ಕುವೆಂಪುನಗರ · ಮೈಸೂರು

ಕಾಯಬೇಡಿ. ಪ್ಯಾಚು, ಮಂಜು, ಪುಡಿ ಯಾವುದೂ ನಮ್ಮ ರಾಷ್ಟ್ರೀಯ ವೇಳಾಪಟ್ಟಿಯಲ್ಲಿಲ್ಲ. ತಾಯಿಯ ಪ್ರತಿಕಾಯ ಕರಗಿ, ಲಸಿಕೆಯೂ ಇಲ್ಲದ ಈ ಕೆಲವು ತಿಂಗಳೇ ದಡಾರಕ್ಕೆ ಮಗು ಸುಲಭವಾಗಿ ಸಿಗುವ ಹೊತ್ತು. ಅದರ ನಂತರ ಬರುವ ನ್ಯುಮೋನಿಯಾ, ಭೇದಿಯಿಂದಲೇ ಜೀವ ಹೋಗೋದು.

ನೋವು ಕಡಿಮೆ ಮಾಡೋಕೆ ಸೂಜಿಯಲ್ಲೇ ದಾರಿಗಳಿವೆ. ಮಲಗಿಸಿ ಅದುಮಬೇಡಿ, ತಾಯಿ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಎದೆಗೆ ಅವಚಿಕೊಳ್ಳಲಿ. ಚುಚ್ಚುವ ಮೊದಲೇ ಎದೆಹಾಲು ಶುರು ಮಾಡಿ, ಚುಚ್ಚುವಾಗಲೂ ಆಮೇಲೂ ಬಿಡಿಸಬೇಡಿ. ಹೆಚ್ಚು ಉರಿಯುವ ಲಸಿಕೆ ಕೊನೆಗೆ ಇರಲಿ. ಸೂಜಿ ಒಳಗೆ ಹೋದ ಮೇಲೆ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬಂತಾ ನೋಡುವ ಹಳೇ ಪದ್ಧತಿ ಬೇಕಿಲ್ಲ, ಅದರಿಂದ ನೋವು ಹೆಚ್ಚು. ತೋಳಿಗೆ ಸ್ಪಿರಿಟ್ ಹಚ್ಚಿದರೆ ಪೂರ್ತಿ ಒಣಗಬೇಕು, ಹಸಿಯಿದ್ದರೆ ಉರಿಯೂ ಹೌದು, ಜೀವಂತ ವೈರಸ್ಸಿಗೂ ಕೆಡುಕು. ಕೊಳೆಯಿದ್ದರೆ ನೀರಿನ ಹತ್ತಿ ಸಾಕು. ಚುಚ್ಚಿದ ಜಾಗ ತಿಕ್ಕಬೇಡಿ.

7ರಿಂದ 12ನೇ ದಿನದ ನಡುವೆ ಕೆಲವು ಮಕ್ಕಳಿಗೆ ಜ್ವರ, ಸಣ್ಣ ಗುಳ್ಳೆ ಬರುತ್ತೆ. ಲಸಿಕೆಯ ವೈರಸ್ ಬೆಳೆಯೋದಕ್ಕೆ ಹಿಡಿಯುವ ಸಮಯ ಅದು. ಪ್ಯಾಚಿನಲ್ಲೂ ಹೀಗೇ ಬರಬಹುದು. ಅದನ್ನ "ಅಮ್ಮ ಬಂದಿದೆ" ಅಂದುಕೊಂಡು ಎರಡನೇ ಡೋಸ್ ತಪ್ಪಿಸೋದು ಮೈಸೂರು ಸುತ್ತ ಈಗಲೂ ಇದೆ. 16ರಿಂದ 24 ತಿಂಗಳೊಳಗೆ ಎರಡನೆಯದು ಆಗಲೇಬೇಕು.

ಕಾವೇರಿಸೀಮೆ · ಮಂಡ್ಯ

ಧನ್ಯವಾದ ಎಲ್ಲರಿಗೂ. ಕೊನೆಯದಾಗಿ ಒಂದು: ಆಲೆಮನೆಗೆ ಹೊರ ರಾಜ್ಯದಿಂದ ಬಂದ ಮಗು, ಎರಡೂವರೆ ವರ್ಷ, ಕಾರ್ಡಿಲ್ಲ, ತಾಯಿಗೆ "ಏನೋ ಚುಚ್ಚಿದ್ದರು" ಅಷ್ಟೇ ಗೊತ್ತು. ಏನು ಮಾಡೋದು?

ಐಎಲ್‌ಆರ್_ಕಾವಲು · ಪಾಂಡವಪುರ

ತಾಯಿ ಫೋನ್ ನಂಬರ್ ಹಾಕಿ ಯು-ವಿನ್‌ನಲ್ಲಿ (ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ) ಹುಡುಕಿ. ಸಿಗದಿದ್ದರೆ ಆಗಿಲ್ಲ ಅಂತಲೇ ಲೆಕ್ಕ. ಐದು ವರ್ಷ ತುಂಬೋವರೆಗೂ ಎಂಆರ್ ಕೊಡಬಹುದು, ಎರಡರ ನಡುವೆ ಕನಿಷ್ಠ ಒಂದು ತಿಂಗಳು ಬಿಡಿ. ಮೊದಲೇ ಆಗಿದ್ದರೂ ಇನ್ನೊಂದು ಡೋಸಿನಿಂದ ಕೆಡುಕಿಲ್ಲ. ಹೊಸ ಕಾರ್ಡ್ ಬರೆದು ಎರಡನೇ ಡೋಸಿನ ತಾರೀಕು ಹಾಕಿ ಕೊಡಿ, ಗ್ಯಾಂಗಿನ ಮೇಸ್ತ್ರಿ ನಂಬರೂ ಬರೆದಿಟ್ಟುಕೊಳ್ಳಿ.